ಬಾಯಿ ಮುಚ್ಚಿ ನೋಡಲು ಕಲಿಸಿ: ಸುಲಭದ ಆ್ಯಪ್ ಕಟ್ಟುವ ತಂಡಕ್ಕೆ 13 ಸೂತ್ರಗಳು

ಬೆಂಗಳೂರಿನ ಒಂದು ಕಂಪನಿಗೆ ತರಬೇತಿ ಕೊಡಲು ಹೋಗಿದ್ದೆ. ಎದುರಿಗೆ ಹದಿನಾಲ್ಕು ಎಂಜಿನಿಯರುಗಳು, ಇಬ್ಬರು ಡಿಸೈನರುಗಳು. ನಾನು ಸ್ಲೈಡ್ ತೆರೆಯಲಿಲ್ಲ. ಆ ಮಹಡಿಯಲ್ಲಿ ಕಾಫಿ ಕೊಡುವ ಅಕ್ಕನನ್ನು ಕೇಳಿಕೊಂಡು ಒಳಗೆ ಕರೆದು, ಇವರೇ ಕಟ್ಟಿದ ಆ್ಯಪ್ ಇದ್ದ ಫೋನನ್ನು ಕೈಗೆ ಕೊಟ್ಟೆ. "ಅಕ್ಕಾ, ಇದರಲ್ಲಿ ನಿಮ್ಮ ಮನೆ ಕರೆಂಟ್ ಬಿಲ್ ಎಷ್ಟು ಬಂದಿದೆ ನೋಡಿ." ಪರದೆಯಲ್ಲಿದ್ದದ್ದು ದೊಡ್ಡಕ್ಷರದಲ್ಲಿ ಕಂಪನಿಯದೇ ಜಾಹೀರಾತು. ಅಕ್ಕ ಅದನ್ನು ಒತ್ತಿದರು, ಹಿಂದಕ್ಕೆ ಬಂದರು, ಮತ್ತೆ ಅದನ್ನೇ ಒತ್ತಿದರು. ನಾಲ್ಕನೇ ನಿಮಿಷಕ್ಕೆ ಹಿಂದಿನ ಸಾಲಿನ ಹುಡುಗನಿಗೆ ತಡೆಯಲಾಗಲಿಲ್ಲ. "ಅಲ್ಲೇ ಇದೆಯಲ್ಲಾ ಅಕ್ಕ, ಮೇಲೆ, ಬಲಗಡೆ, ಮೂರು ಗೆರೆ!"

ಅಕ್ಕನ ಮುಖ ಚಿಕ್ಕದಾಯಿತು. "ನಮಗೆ ಇದೆಲ್ಲ ತಿಳಿಯಲ್ಲ ಸಾರ್" ಅಂದರು. ಪ್ರತಿ ತಿಂಗಳು ಊರಿಗೆ ಫೋನಿನಲ್ಲೇ ದುಡ್ಡು ಕಳಿಸುವ ಹೆಂಗಸು ಅವರು.

ಆ ಹುಡುಗನನ್ನು ಮಡಚಿ ಪ್ರತಿ ಫೋನಿನ ಡಬ್ಬಿಯಲ್ಲೂ ಇಟ್ಟು ಕಳಿಸುವಂತಿದ್ದರೆ ಈ ಲೇಖನ ಬೇಕಿರಲಿಲ್ಲ. ಹಾಗಾಗದ್ದರಿಂದ, ಇಷ್ಟು ವರ್ಷ ತಂಡಗಳ ಜೊತೆ ಕೂತು ನಾನು ನಂಬಿಕೊಂಡ ಸೂತ್ರಗಳು ಇವು. ಹತ್ತು ಬರೆಯಬೇಕೆಂದಿದ್ದೆ, ಹದಿಮೂರಾದವು.

1. ಮೊದಲ ದಿನ ಪಾಠ ಬೇಡ, ಪ್ರದರ್ಶನ ಇಡಿ

ಸುಲಭ ವಿನ್ಯಾಸದ ಬಗ್ಗೆ ಎರಡು ದಿನ ಭಾಷಣ ಕೇಳಿದ ತಂಡ ಮೂರನೆಯ ದಿನ ಹಳೆಯ ಹಾಗೆಯೇ ಕೆಲಸ ಮಾಡುತ್ತದೆ. ತಾನು ಕಟ್ಟಿದ ಪರದೆಯ ಮುಂದೆ ಒಬ್ಬ ಮನುಷ್ಯ ಹತ್ತು ನಿಮಿಷ ತಡಕಾಡುವುದನ್ನು ಕಂಡ ಎಂಜಿನಿಯರ್ ಅವತ್ತು ಸಂಜೆಯೇ ಏನಾದರೂ ಬದಲಿಸುತ್ತಾನೆ, ಯಾರೂ ಹೇಳದಿದ್ದರೂ.

ಪ್ರದರ್ಶನಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಫೋನ್, ಬಳಕೆದಾರರ ಪಕ್ಕದಲ್ಲಿ ಕೂರುವ ಒಬ್ಬರು. ಉಳಿದವರು ಇನ್ನೊಂದು ಕೋಣೆಯಲ್ಲಿ ಅದೇ ಪರದೆಯನ್ನು ಟಿವಿಯಲ್ಲಿ ನೋಡಲಿ. ಕೈಯಲ್ಲಿ ಚೀಟಿ, ಪೆನ್ನು ಇರಲಿ. ಬಾಯಿ ಮುಚ್ಚಿರಲಿ. ಬಳಕೆದಾರರು ಮಾತ್ರ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಬೇಕು: "ಇದೇನಿದು... ಇದನ್ನ ಒತ್ತಲಾ... ಬೇಡಪ್ಪ, ದುಡ್ಡು ಕಟ್ ಆದ್ರೆ?" ಈ ಗಟ್ಟಿಯಾಗಿ ಯೋಚಿಸುವ ಪದ್ಧತಿಯನ್ನು 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ತಂತ್ರಾಂಶ ಪರೀಕ್ಷೆಗೆ ಒಗ್ಗಿಸಿ ಬರೆದಿಟ್ಟರು. ಇಂದಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ಮೊನಚಾದ ಉಪಕರಣ ನನಗೆ ಸಿಕ್ಕಿಲ್ಲ.

ಶುರು ಮಾಡುವ ಮೊದಲು ಒಂದು ಮಾತು ಹೇಳಲೇಬೇಕು: "ಪರೀಕ್ಷೆ ನಿಮಗಲ್ಲ, ಈ ಆ್ಯಪ್‌ಗೆ. ನೀವು ಎಲ್ಲಿ ತಪ್ಪಿದರೂ ಅದು ನಮ್ಮ ತಪ್ಪು." ಆವತ್ತು ಅಕ್ಕನಿಗೆ ನಾನು ಇದನ್ನು ಹೇಳಲು ಮರೆತಿದ್ದೆ. ಇವತ್ತಿಗೂ ಚುಚ್ಚುತ್ತದೆ.

2. ಕೆಲಸ ಹೇಳಿ, ಗುಂಡಿಯ ಹೆಸರು ಹೇಳಬೇಡಿ

"ಫಂಡ್ ಟ್ರಾನ್ಸ್‌ಫರ್‌ಗೆ ಹೋಗಿ ಬೆನಿಫಿಷಿಯರಿ ಸೇರಿಸಿ" ಎಂದರೆ ಪರೀಕ್ಷೆ ಮುಗಿದ ಹಾಗೆ, ಉತ್ತರ ನೀವೇ ಹೇಳಿಕೊಟ್ಟಿರಿ. "ನಿಮ್ಮ ತಮ್ಮನಿಗೆ ಐನೂರು ರೂಪಾಯಿ ಕಳಿಸಿ" ಎನ್ನಿ. ಅವರು "ಎಲ್ಲಿ ಒತ್ತಲಿ?" ಎಂದು ಕೇಳಿದರೆ "ನಾವಿಲ್ಲದಿದ್ದರೆ ಏನು ಮಾಡ್ತಿದ್ರಿ?" ಎಂದು ತಿರುಗಿ ಕೇಳಿ. ಪಕ್ಕ ಕೂರುವವರಿಗೆ ಅಷ್ಟೇ ಮಾತು ಸಾಕು.

3. "ಯೂಸರ್ ದಡ್ಡ" ಎಂದವರಿಗೆ ದಂಡ

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ಬಾಂಬರುಗಳು ಯುದ್ಧ ಮುಗಿಸಿ ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. "ಪೈಲಟ್ ತಪ್ಪು" ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭವಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಎರಡೂ ಹಿಡಿಗಳು ಅಕ್ಕಪಕ್ಕ, ಎರಡೂ ಒಂದೇ ಥರ. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಹಿಡಿಗೆ ಬೆಣೆಯಾಕಾರದ ತುಂಡು ಅಂಟಿಸಿದರು. ಕತ್ತಲಲ್ಲೂ ಕೈಗೆ ಗೊತ್ತಾಗುವ ಹಾಗೆ. ಈಗಿನ ಪ್ರಯಾಣಿಕರ ವಿಮಾನಗಳಲ್ಲೂ ಚಕ್ರದ ಹಿಡಿ ಚಕ್ರದ ಆಕಾರದಲ್ಲೇ ಇರುತ್ತದೆ.

ಈ ಕಥೆ ಹೇಳಿದ ಮೇಲೆ ನಾನೊಂದು ನಿಯಮ ಮಾಡುತ್ತೇನೆ. ಬಳಕೆದಾರರನ್ನು ದಡ್ಡರೆಂದವರು ಇಡೀ ತಂಡಕ್ಕೆ ಮಸಾಲೆ ದೋಸೆ ಕೊಡಿಸಬೇಕು. ಮೊದಲ ವಾರ ಚೆನ್ನಾಗಿ ದೋಸೆ ಸಿಗುತ್ತದೆ. ಆಮೇಲೆ ಮಾತು ಬದಲಾಗುತ್ತದೆ: "ಅವರಿಗೆ ಕಾಣಿಸಲಿಲ್ಲ" ಎಂಬುದು "ನಾವು ತೋರಿಸಲಿಲ್ಲ" ಎಂದಾಗುತ್ತದೆ.

4. ಐದು ಜನ ಸಾಕು, ಆದರೆ ನಿಮ್ಮವರಲ್ಲದ ಐದು ಜನ

"ಐದು ಜನರನ್ನು ನೋಡಿ ಏನು ಹೇಳೋಕಾಗತ್ತೆ, ಸ್ಯಾಂಪಲ್ ಸೈಜ್ ಸಾಲದು" ಎಂದು ಪ್ರತಿ ತಂಡದಲ್ಲೂ ಒಬ್ಬರು ಹೇಳುತ್ತಾರೆ. ಅವರಿಗೆ ಬಳಕೆ ಪರೀಕ್ಷೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ ತೋರಿಸಿ. ಒಬ್ಬ ಬಳಕೆದಾರ ಸರಾಸರಿ 31% ತೊಡಕುಗಳನ್ನು ಬಯಲಿಗೆ ತಂದರೆ ಐವರು ಸೇರಿ ಸುಮಾರು 85% ತರುತ್ತಾರೆ. ಆರನೆಯವರಿಂದ ಮುಂದೆ ಕಂಡದ್ದನ್ನೇ ಕಾಣುತ್ತೀರಿ. ಹದಿನೈದು ಜನರಿಗೆ ಹಣವಿದ್ದರೆ ಐದೈದರಂತೆ ಮೂರು ಸುತ್ತು ಮಾಡಿ, ನಡುವೆ ತಿದ್ದಿ ಎಂಬುದು ನೀಲ್ಸನ್ ಸಲಹೆ. ಎಣಿಕೆ ಬೇಕಾದಾಗ, ಅಂದರೆ ಎಷ್ಟು ಶೇಕಡಾ ಜನ ಕೊಂಡರು ಎಂಬಂಥ ಪ್ರಶ್ನೆಗೆ, ಐವರು ಸಾಲರು. ತೊಡಕು ಹುಡುಕಲು ಸಾಕು.

ಯಾವ ಐವರು ಎಂಬಲ್ಲಿ ತಂಡಗಳು ಎಡವುತ್ತವೆ. ಪಕ್ಕದ ಮೇಜಿನ ಸಹೋದ್ಯೋಗಿ ಬಳಕೆದಾರನಲ್ಲ. ಅವನ ಹೆಂಡತಿಯೂ ಅಲ್ಲ, ಅವರೂ ಇನ್ನೊಂದು ಸಾಫ್ಟ್‌ವೇರ್ ಕಂಪನಿಯಲ್ಲೇ ಇರುತ್ತಾರೆ. ಆ್ಯಪ್ ಅಡಿಕೆ ಬೆಳೆಗಾರರಿಗಾದರೆ ಶಿರಸಿಗೆ ಹೋಗಿ, ತೊಗರಿ ಬೆಳೆಯುವವರಿಗಾದರೆ ಕಲಬುರಗಿಗೆ. ಬೆಳೆಗಾರರು, ದಲಾಲರು ಇಬ್ಬರೂ ಬಳಸುವುದಾದರೆ ಎರಡೂ ಬಗೆಯವರನ್ನು ಬೇರೆ ಬೇರೆಯಾಗಿ ಕೂರಿಸಿ. ಸಮಯಕ್ಕೆ ಹಣ ಕೊಡಿ. ಒಂದು ಪೆನ್ನು ಕೊಟ್ಟು ಫೋಟೊ ಹಿಡಿದು ಕಳಿಸುವ ಕಂಪನಿಗಳನ್ನು ಕಂಡಿದ್ದೇನೆ, ಎರಡನೆಯ ಸಲ ಅವರಿಗೆ ಯಾರೂ ಸಿಗುವುದಿಲ್ಲ.

5. ದಿನ ಗೊತ್ತು ಮಾಡಿ

"ಸಮಯ ಸಿಕ್ಕಾಗ ಮಾಡೋಣ" ಎಂದ ಪರೀಕ್ಷೆ ನಡೆದದ್ದಿಲ್ಲ. ಅದೇ ಕ್ಷೇತ್ರದ ಇನ್ನೊಬ್ಬ ತಜ್ಞ ಸ್ಟೀವ್ ಕ್ರುಗ್ ಹೇಳುವುದು ತಿಂಗಳಿಗೆ ಒಂದು ಬೆಳಗ್ಗೆ, ಮೂವರು ಬಳಕೆದಾರರು, ಮಧ್ಯಾಹ್ನ ಊಟದ ಹೊತ್ತಿಗೆ ಏನು ತಿದ್ದಬೇಕೆಂಬ ತೀರ್ಮಾನ. ಮತ್ತೊಬ್ಬ ತಜ್ಞ ಜೇರೆಡ್ ಸ್ಪೂಲ್ ಇನ್ನೂ ಕಟ್ಟುನಿಟ್ಟು: ಆರು ವಾರಕ್ಕೊಮ್ಮೆಯಾದರೂ ತಂಡದ ಪ್ರತಿಯೊಬ್ಬರೂ ಎರಡು ಗಂಟೆ ಬಳಕೆದಾರರನ್ನು ನೋಡಬೇಕು. ತಿಂಗಳ ಎರಡನೇ ಗುರುವಾರ ಎಂದು ಕ್ಯಾಲೆಂಡರಿನಲ್ಲಿ ಬರೆದುಬಿಡಿ. ರಿಲೀಸ್ ಇದ್ದರೂ ತಪ್ಪಿಸಬೇಡಿ.

6. ಮರದ ತುಂಡಿನಿಂದ ಶುರು ಮಾಡಿ

ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ 1996ರಲ್ಲಿ ಬಂತು. ಅದನ್ನು ಕಟ್ಟುವ ಮೊದಲು ಜೆಫ್ ಹಾಕಿನ್ಸ್ ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಮೀಟಿಂಗಿನಲ್ಲಿ ಯಾರಾದರೂ ದಿನಾಂಕ ಕೇಳಿದರೆ ಆ ತುಂಡನ್ನು ಹೊರತೆಗೆದು, ಅದರ ಮೇಲೆ ಬರೆದ ಹಾಗೆ ನಟಿಸಿ ಮತ್ತೆ ಒಳಗಿಡುತ್ತಿದ್ದರು. ಜನ ನಕ್ಕಿರಬಹುದು. ಜೇಬಿಗೆ ಹಿಡಿಸುತ್ತದೆಯೇ, ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು ಸಲ ಕೈ ಹೋಗುತ್ತದೆ ಎಂಬುದೆಲ್ಲ ಒಂದು ಸಾಲು ಕೋಡ್ ಬರೆಯದೆ ತಿಳಿಯಿತು.

ತಂಡಕ್ಕೆ ಎ4 ಹಾಳೆ, ಸ್ಕೆಚ್ ಪೆನ್, ಕತ್ತರಿ ಕೊಡಿ. ಒಂದು ಗಂಟೆಯಲ್ಲಿ ಪರದೆಗಳನ್ನು ಬರೆಯಲಿ. ಒಬ್ಬರು "ಕಂಪ್ಯೂಟರ್" ಆಗಿ, ಬಳಕೆದಾರರು ಬೆರಳಿಟ್ಟ ಕಡೆ ಮುಂದಿನ ಹಾಳೆ ಇಡಲಿ. ಇದರಲ್ಲಿ ಇನ್ನೊಂದು ಲಾಭವಿದೆ. ಮಿರಮಿರ ಮಿಂಚುವ ಪರದೆ ತೋರಿಸಿದರೆ ನಮ್ಮ ಜನ ದಾಕ್ಷಿಣ್ಯಕ್ಕೆ "ಚೆನ್ನಾಗಿದೆ ಸಾರ್" ಎಂದುಬಿಡುತ್ತಾರೆ, ಹಾಳೆ ಕಂಡರೆ ಧೈರ್ಯವಾಗಿ ಬೈಯುತ್ತಾರೆ.

7. ಗುಂಡಿಯ ಮೇಲಿನ ಮಾತಿಗೆ ಕೋಡ್‌ನಷ್ಟೇ ಬೆಲೆ ಕೊಡಿ

ಸ್ಪೂಲ್ ಹೇಳುವ ಒಂದು ಪ್ರಸಿದ್ಧ ಕಥೆ ಇದೆ. ಅಮೆರಿಕದ ಒಂದು ದೊಡ್ಡ ಮಾರಾಟ ತಾಣದಲ್ಲಿ ಜನ ಬುಟ್ಟಿ ತುಂಬಿಸಿ ಹಣ ಕಟ್ಟಲು ಹೋದಾಗ "ಲಾಗಿನ್ ಆಗಿ ಅಥವಾ ನೋಂದಾಯಿಸಿ" ಎಂಬ ಪರದೆ ಅಡ್ಡ ಬರುತ್ತಿತ್ತು. ಬಂದ ಗಿರಾಕಿ ಅಲ್ಲಿಂದಲೇ ಹಿಂದಿರುಗುತ್ತಿದ್ದ. "ನೋಂದಾಯಿಸಿ" ಗುಂಡಿ ತೆಗೆದು "ಮುಂದುವರಿಯಿರಿ" ಎಂದು ಹಾಕಿ, ಖಾತೆ ತೆರೆಯುವುದು ಕಡ್ಡಾಯವಲ್ಲ ಎಂದು ಒಂದು ಸಾಲು ಬರೆದರು. ಕೊಳ್ಳುವವರ ಸಂಖ್ಯೆ 45% ಏರಿ, ಮೊದಲ ವರ್ಷ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರವಾಯಿತು.

ತಂಡಕ್ಕೆ ನಾನು ಕೊಡುವ ಕಸರತ್ತು: ಊರಲ್ಲಿರುವ ಅಮ್ಮನಿಗೋ ಚಿಕ್ಕಪ್ಪನಿಗೋ ಫೋನ್ ಮಾಡಿ, ನಿಮ್ಮ ಪರದೆಯಲ್ಲಿರುವ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಓದಿ. ಅವರು "ಆಂ?" ಎಂದ ಕಡೆಯೆಲ್ಲ ಗೆರೆ ಎಳೆಯಿರಿ. "ಅಮಾನ್ಯ ನಮೂದು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮೊಬೈಲ್ ನಂಬರಿಗೆ 10 ಅಂಕಿ ಬೇಕು, ನೀವು 9 ಹಾಕಿದ್ದೀರಿ" ಎಂದರೆ ಮಗುವೂ ತಿದ್ದುತ್ತದೆ. ರೈತರು ಕೇಳುವುದು ಪಹಣಿ, ಪರದೆಯಲ್ಲೂ ಪಹಣಿ ಎಂದೇ ಇರಲಿ.

8. ಕನ್ನಡವನ್ನು ಕೊನೆಯಲ್ಲಿ ಬಳಿಯಬೇಡಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಕೂತು ಕನ್ನಡಿಗರಿಗಾಗಿ ಆ್ಯಪ್ ಮಾಡುವ ತಂಡಗಳೂ ಇಲ್ಲೇ ಹೆಚ್ಚು ಜಾರುತ್ತವೆ. ಇಂಗ್ಲಿಷಿನಲ್ಲಿ ಎಲ್ಲ ಮುಗಿಸಿ, ರಿಲೀಸಿಗೆ ಎರಡು ದಿನ ಇರುವಾಗ ಪದಗಳ ಪಟ್ಟಿಯನ್ನು ಅನುವಾದಕ್ಕೆ ಕಳಿಸುತ್ತಾರೆ. ಆಮೇಲೆ ಒಂದೊಂದೇ ಒಡೆಯುತ್ತದೆ.

ಮೊದಲು ಒತ್ತಕ್ಷರ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ "ರಾಷ್ಟ್ರ"ದ ಕಾಲು ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ. ಶೀರ್ಷಿಕೆಯನ್ನು ದೊಡ್ಡಕ್ಷರದಲ್ಲಿ ಎತ್ತಿ ತೋರಿಸುವ ಇಂಗ್ಲಿಷ್ ಉಪಾಯ ಇಲ್ಲಿ ನಡೆಯದು, ಕನ್ನಡಕ್ಕೆ ಕ್ಯಾಪಿಟಲ್ ಇಲ್ಲ. ಗುಂಡಿಯ ಅಗಲವೂ ಅಷ್ಟೇ: "ಪೇ" ಎಂಬಷ್ಟು ಜಾಗದಲ್ಲಿ "ಪಾವತಿಸಿ" ಹಿಡಿಸುವುದಿಲ್ಲ.

ಎರಡನೆಯದು ಎಣಿಕೆ. "ಶ್ರೀಲಕ್ಷ್ಮಿ" ನಮ್ಮ ಬಾಯಲ್ಲಿ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಹನ್ನೊಂದು, ಯುಟಿಎಫ್-8ರಲ್ಲಿ ಉಳಿಸಿದರೆ ಮೂವತ್ತಮೂರು ಬೈಟ್. ಹೆಸರಿಗೆ ಇಪ್ಪತ್ತು ಬೈಟ್ ಜಾಗ ಬಿಟ್ಟ ಡೇಟಾಬೇಸ್ ಈ ಹೆಂಗಸಿನ ಹೆಸರನ್ನು ಅರ್ಧಕ್ಕೆ ಕಡಿಯುತ್ತದೆ. ಎಸ್ಸೆಮ್ಮೆಸ್ಸಿನ ಕಥೆಯೂ ಇದೇ, ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಕನ್ನಡದ ಓಟಿಪಿ ಸಂದೇಶವನ್ನು ಅಂಕಿಯಿಂದಲೇ ಶುರು ಮಾಡಿ.

ಮೂರನೆಯದು ವಿಭಕ್ತಿ, ಇದು ನನಗೆ ಬಹಳ ಇಷ್ಟದ ಪಾಠ. ಇಂಗ್ಲಿಷಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ವಾಕ್ಯ ಹೊಲಿಯಬಹುದು. ಕನ್ನಡದಲ್ಲಿ ಹೆಸರಿನ ಬಾಲಕ್ಕೆ "ಗೆ" ಅಂಟಿಸಿದರೆ "ಮಂಜುನಾಥ್‌ಗೆ" ಹೇಗೋ ನಡೆಯುತ್ತದೆ, "ಸುರೇಶಗೆ" ನಗೆಗೀಡಾಗುತ್ತದೆ. ಕ್ರಿಯಾಪದಕ್ಕೆ ಗಂಡೋ ಹೆಣ್ಣೋ ಎಂಬುದೂ ಗೊತ್ತಿರಬೇಕು. ಎರಡಕ್ಕೂ ಮದ್ದು ನಮ್ಮ ಮರ್ಯಾದೆಯಲ್ಲೇ ಇದೆ: "ಸುರೇಶ ಅವರಿಗೆ ಹಣ ತಲುಪಿದೆ", "ಗೀತಾ ಅವರು ಒಪ್ಪಿದ್ದಾರೆ." ಒಂದು "ಅವರು" ಇಟ್ಟರೆ ವಿಭಕ್ತಿಯೂ ಲಿಂಗವೂ ಒಟ್ಟಿಗೆ ಬಗೆಹರಿದವು, ಬಳಕೆದಾರರಿಗೆ ಗೌರವವೂ ಸಿಕ್ಕಿತು.

ಕೊನೆಯದು ಹೆಸರಿನ ಖಾನೆ. "ಸರ್‌ನೇಮ್ ಕಡ್ಡಾಯ" ಎಂದು ಕೆಂಪಕ್ಷರದಲ್ಲಿ ಬೊಗಳುವ ಫಾರಂ ಕಂಡರೆ ನನಗೆ ಸಿಟ್ಟು ಬರುತ್ತದೆ. ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಇಟ್ಟುಕೊಂಡ ಲಕ್ಷಾಂತರ ಜನರಿಗೆ ಸರ್‌ನೇಮೇ ಇಲ್ಲ. ಅವರು ಚುಕ್ಕಿ ಹಾಕುತ್ತಾರೆ, ಫಾರಂ ಚುಕ್ಕಿ ಒಪ್ಪುವುದಿಲ್ಲ. ಕಡೆಗೆ ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರಾಗಿ, ಅಫಿಡವಿಟ್ ಮಾಡಿಸಲು ನೋಟರಿ ಹತ್ತಿರ ಓಡುತ್ತಾರೆ. ಪೂರ್ತಿ ಹೆಸರಿಗೆ ಒಂದೇ ಖಾನೆ ಕೊಡಿ.

9. ಬಾಗಿಲು, ಲಿಫ್ಟ್, ನಲ್ಲಿಗಳಲ್ಲಿ ಕಣ್ಣು ಪಳಗಿಸಿ

ಡಾನ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಪುಸ್ತಕ ಬರೆದ ಮೇಲೆ, ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿಗೆ "ನಾರ್ಮನ್ ಬಾಗಿಲು" ಎಂದೇ ಹೆಸರಾಯಿತು. ನಿಮ್ಮ ಆಫೀಸಿನಲ್ಲೂ ಒಂದಿರುತ್ತದೆ, ಹುಡುಕಿಸಿ. ಆಮೇಲೆ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ ಹತ್ತು ತತ್ವಗಳನ್ನು ಗೋಡೆಗೆ ಅಂಟಿಸಿ ನಿಮ್ಮ ಆ್ಯಪನ್ನು ಅಳೆಯಿರಿ. ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ನೋಡಲಿ, ಆಮೇಲೆ ಪಟ್ಟಿ ಕೂಡಿಸಲಿ. ಒಟ್ಟಿಗೆ ಕೂತರೆ ಸೀನಿಯರ್ ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ.

10. ವಾಪಸ್ ಬರುವ ದಾರಿ ಇಡಿ

2018ರ ಜನವರಿ 13. ಹವಾಯಿ ದ್ವೀಪಗಳ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆ, ಇದು ಅಣಕು ಕಾರ್ಯಾಚರಣೆಯಲ್ಲ ಎಂಬ ಎಚ್ಚರಿಕೆ ಬಂತು. ಅದು ಸುಳ್ಳೆಂಬ ಸಂದೇಶ ಅದೇ ಫೋನುಗಳಿಗೆ ಬರಲು 38 ನಿಮಿಷ ಹಿಡಿಯಿತು. ಕಳಿಸಿದ ನೌಕರ ದಾಳಿ ನಿಜವೆಂದೇ ನಂಬಿದ್ದ ಎಂದು ಆಮೇಲೆ ವರದಿ ಬಂತು, ಆ ಚರ್ಚೆ ಬೇರೆ. ನಮ್ಮ ಪಾಠ ಇನ್ನೊಂದು ಕಡೆ ಇದೆ: ತಪ್ಪು ಸಂದೇಶ ಹೋದರೆ ಏನು ಕಳಿಸಬೇಕೆಂಬ ಸಿದ್ಧ ಪಠ್ಯ ಅವರ ವ್ಯವಸ್ಥೆಯಲ್ಲಿರಲಿಲ್ಲ.

ಪ್ರತಿ ಪರದೆಯ ಮುಂದೆ ತಂಡವನ್ನು ಕೇಳಿ: ಇಲ್ಲಿ ಕೈ ತಪ್ಪಿದರೆ ವಾಪಸ್ ಹೇಗೆ? "ಖಚಿತವೇ?" ಎಂದು ಕೇಳುವ ಪೆಟ್ಟಿಗೆ ಸಾಲದು, ಜನ ಓದದೆ "ಹೌದು" ಒತ್ತುತ್ತಾರೆ. ನಾನೂ ಒತ್ತುತ್ತೇನೆ.

11. ಬಿಸಿಲಿಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ

ಎಸಿ ಕೋಣೆಯ ದೊಡ್ಡ ಮಾನಿಟರಿನಲ್ಲಿ ತಿಳಿಬೂದು ಬಣ್ಣದ ಅಕ್ಷರ ಸೊಗಸಾಗಿ ಕಾಣುತ್ತದೆ. ಅಗ್ಗದ ಫೋನ್ ಹಿಡಿದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅಲ್ಲಿ ಅಕ್ಷರವೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬಣ್ಣದ ಅಂತರ ಬೇಕೆಂದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿ ಹೇಳುತ್ತದೆ. ಬೆರಳಿಟ್ಟು ಒತ್ತುವ ಜಾಗಕ್ಕೆ ಆ್ಯಪಲ್ 44 ಪಾಯಿಂಟ್, ಗೂಗಲ್ 48 ಡಿಪಿ ಎನ್ನುತ್ತವೆ. ಹೊಲದಲ್ಲಿ ಕೆಲಸ ಮಾಡಿದ ಬೆರಳು ಡಿಸೈನರ್ ಬೆರಳಿಗಿಂತ ದಪ್ಪ, ಇನ್ನೂ ಕೊಂಚ ಹೆಚ್ಚೇ ಇರಲಿ.

ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿಸಿ, ಅವರದೇ ಆ್ಯಪಿನಲ್ಲಿ ಒಂದು ಕೆಲಸ ಮಾಡಿಸಿ. "ಬಟನ್, ಬಟನ್, ಬಟನ್" ಎಂದಷ್ಟೇ ಅದು ಓದತೊಡಗಿದಾಗ ಕೋಣೆಯಲ್ಲಿ ಆಗುವ ಮೌನ ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿಗಾದರೆ ಎನ್‌ವಿಡಿಎ ಇದೆ, ಉಚಿತ. ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯನ್ನರು ಬೆಳೆಸಿದ ತಂತ್ರಾಂಶ ಅದು. ಇದನ್ನು ದಯೆಯ ಕೆಲಸವೆಂದು ಯಾರಾದರೂ ಅಂದುಕೊಂಡಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಒಮ್ಮೆ ಓದಿಸಿ.

12. ಅಂಕ ಹಾಕಿ

ಆ್ಯಪ್ ಎಷ್ಟು ಸುಲಭ ಎಂದು ಬಳಕೆದಾರರನ್ನು ಕೇಳಲು, ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಸಾಕು. ನೂರಕ್ಕೆ 68 ಸರಾಸರಿ ಎಂದು ಲೆಕ್ಕ. ಜೊತೆಗೆ ಎಷ್ಟು ಜನ ಕೆಲಸ ಮುಗಿಸಿದರು, ಎಷ್ಟು ಹೊತ್ತಾಯಿತು ಬರೆದಿಡಿ. ಮುಂದಿನ ತಿಂಗಳು ಹೋಲಿಸಲು ಬೇಕಾಗುತ್ತದೆ.

13. ಯಜಮಾನರನ್ನೂ ಕೂರಿಸಿ

ಇಷ್ಟೆಲ್ಲ ಕಲಿತ ತಂಡ ಹಿಂದಿರುಗಿ ಹೋದಾಗ, "ನನಗೆ ಆ ನೀಲಿ ಇಷ್ಟ ಇಲ್ಲ, ಹೋಮ್ ಪೇಜಿನಲ್ಲಿ ನಮ್ಮ ಚೇರ್ಮನ್ ಫೋಟೊ ದೊಡ್ಡದಾಗಿ ಬರಲಿ" ಎಂಬ ಒಂದು ಇಮೇಲ್ ಬಂದರೆ ಮುಗಿಯಿತು. ಕೊನೆಯ ಮಾತು ಯಾರದೋ ಅವರು ಮೊದಲ ಪ್ರದರ್ಶನಕ್ಕೇ ಬರಬೇಕು, ಅರ್ಧ ಗಂಟೆಗಾದರೂ. ಬರಲೊಪ್ಪದ ಕಂಪನಿಗಳ ತರಬೇತಿಯನ್ನು ನಾನು ಈಚೆಗೆ ಒಪ್ಪುವುದು ಬಿಟ್ಟಿದ್ದೇನೆ. ಒಂದು ಕಡೆ ಒಬ್ಬ ಹಿರಿಯ ಅಧಿಕಾರಿ ಬಂದರು, ಫೋನ್ ನೋಡುತ್ತಾ ಕೂತರು. ಹೊರಗಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಪಿಂಚಣಿಯ ಪರದೆಯಲ್ಲಿ ಮೂರನೇ ಸಲ ಸಿಕ್ಕಿಹಾಕಿಕೊಂಡಾಗ ಇವರು ಫೋನ್ ಕೆಳಗಿಟ್ಟು, "ಇದನ್ನು ನಾನೇ ಅಪ್ರೂವ್ ಮಾಡಿದ್ದು" ಅಂದರು.

ಮೊದಲು ಹೇಳಿದ ಕಂಪನಿಗೆ ಆರು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಮೂರು ಗೆರೆ ಹೋಗಿ ಆ ಜಾಗದಲ್ಲಿ "ನನ್ನ ಬಿಲ್ಲುಗಳು" ಎಂದು ಬಂದಿತ್ತು. ಈ ಸಲ ಅಕ್ಕನಿಗೆ ಬಿಲ್ ಸಿಗಲು ನಲವತ್ತು ಸೆಕೆಂಡ್ ಹಿಡಿಯಿತು. ಹಿಂದಿನ ಸಾಲಿನ ಹುಡುಗ ಕೈಕಟ್ಟಿ, ತುಟಿ ಬಿಗಿಹಿಡಿದು ಕೂತಿದ್ದ.